ಬಟನ್ ಹೂವು: ಕಡಿಮೆ ನೀರಿನಲ್ಲಿ ಬೆಳೆಸಿ, ಬಣ್ಣ ಕೆಡದಂತೆ ಒಣಗಿಸುವ ಕ್ರಮ

ಬಟನ್ ಹೂವಿನ ಗಿಡ ನೀರಿನ ಕೊರತೆಯಿಂದ ಸಾಯುವುದು ಅಪರೂಪ. ಕುಂಡದಲ್ಲಾಗಲಿ ಅಂಗಳದಲ್ಲಾಗಲಿ ಅದನ್ನು ಹೆಚ್ಚಾಗಿ ಕೊಲ್ಲುವುದು ದಿನವೂ ತಪ್ಪದೆ ಹಾಕುವ ನೀರು ಮತ್ತು ಧಾರಾಳವಾಗಿ ಸುರಿಯುವ ಗೊಬ್ಬರ. ಹಾಗೆಂದು, ಬರ ತಡೆಯುವ ಗಿಡವಲ್ಲವೇ ಎಂದು ನೆಟ್ಟ ವಾರದಿಂದಲೇ ನೀರು ಕಡಿದರೂ ಕೈಗೆ ಏನೂ ಸಿಗುವುದಿಲ್ಲ. ಬರ ತಡೆಯುವ ಶಕ್ತಿ ಇರುವುದು ಬೇರಿನಲ್ಲಿ. ಆ ಬೇರು ಆಳಕ್ಕಿಳಿಯಲು ಐದಾರು ವಾರ ಬೇಕು. ಆ ಐದಾರು ವಾರ ಸರಿಯಾಗಿ ನೋಡಿಕೊಂಡರೆ ಮುಂದಿನ ಮೂರು-ನಾಲ್ಕು ತಿಂಗಳು ಗಿಡ ತನ್ನನ್ನು ತಾನೇ ನೋಡಿಕೊಳ್ಳುತ್ತದೆ.

ಇಲ್ಲಿ ಹೇಳುತ್ತಿರುವುದು ಗುಂಡಗಿನ, ಮುಟ್ಟಿದರೆ ಒಣ ಕಾಗದದಂತೆ ಸರಸರ ಎನ್ನುವ, ನೇರಳೆ-ಗುಲಾಬಿ ಬಣ್ಣದ ಹೂವಿನ ಬಗ್ಗೆ. ಬಟನ್ ಗುಲಾಬಿ, ಬಟನ್ ಸೇವಂತಿಗೆ ಇವೆಲ್ಲ ಬೇರೆ. ನರ್ಸರಿಗಳಲ್ಲಿ ಇದನ್ನು ಗೋಂಫ್ರೀನಾ ಎನ್ನುತ್ತಾರೆ. ತಮಿಳುನಾಡು, ಕೇರಳಗಳಲ್ಲಿ ವಾಡಾಮಲ್ಲಿ. ಓಣಂ ಹಬ್ಬದ ಹೂರಂಗೋಲಿ ಪೂಕ್ಕಳಂನಲ್ಲಿ ಕಾಣುವ ಗಾಢ ನೇರಳೆ ವರ್ತುಲ ಬಹುಪಾಲು ಇದೇ. ನೇಪಾಳದಲ್ಲಿ ತಿಹಾರ್ ಹಬ್ಬದ ಭಾಯಿ ಟೀಕಾ ದಿನ ಅಕ್ಕತಂಗಿಯರು ಸೋದರರ ಕೊರಳಿಗೆ ಹಾಕುವ ಮಖಮಲಿ ಹಾರವೂ ಇದೇ ಹೂವಿನದು. ಗೋಂಫ್ರೀನಾ ಗ್ಲೋಬೋಸ ಎಂಬ ಸಸ್ಯಶಾಸ್ತ್ರೀಯ ಹೆಸರನ್ನು ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ 1753ರಲ್ಲಿ ಕೊಟ್ಟ. ಮೂಲ ಮಧ್ಯ ಅಮೆರಿಕದ ಬಿಸಿ ನೆಲ. ಕುಟುಂಬ ನಮ್ಮ ದಂಟು, ಹರಿವೆ, ಕೋಳಿಜುಟ್ಟಿನದು.

ಕುಟುಂಬದ ಮಾತು ಸುಮ್ಮನೆ ಬಂದದ್ದಲ್ಲ. ಜೋಳ, ರಾಗಿ, ಹರಿವೆಗಳಂತೆ ಬಟನ್ ಹೂವಿನ ಗಿಡವೂ ಸಿ-4 ಎಂಬ ದ್ಯುತಿಸಂಶ್ಲೇಷಣೆಯ ಕ್ರಮವನ್ನು ಬಳಸುತ್ತದೆ. ಬಿಸಿಲು ಏರಿದಾಗ ಎಲೆಯ ರಂಧ್ರಗಳನ್ನು ಅರೆ ಮುಚ್ಚಿಕೊಂಡೂ ಅದು ಆಹಾರ ತಯಾರಿಸಬಲ್ಲದು, ಆದ್ದರಿಂದ ಅದೇ ಬೆಳವಣಿಗೆಗೆ ಕಡಿಮೆ ನೀರು ಸಾಕು. ಇನ್ನು ನಾವು ಹೂವು ಎಂದು ಕರೆಯುವ ಬಣ್ಣದ ಗುಂಡು ನಿಜವಾಗಿ ಪುಷ್ಪಪತ್ರಗಳ, ಅಂದರೆ ಹೂವಿನ ಬುಡದ ಬಣ್ಣದ ಪುಟ್ಟ ಎಲೆಗಳ, ಜೋಡಣೆ. ಅಸಲಿ ಹೂವುಗಳು ಆ ಪತ್ರಗಳ ಸಂದಿನಿಂದ ಇಣುಕುವ ಬಿಳಿ-ಹಳದಿ ಚುಕ್ಕೆಗಳಷ್ಟೇ. ಪುಷ್ಪಪತ್ರ ಗಿಡದ ಮೇಲಿರುವಾಗಲೇ ಹೆಚ್ಚುಕಡಿಮೆ ಒಣಗಿದ ಸ್ಥಿತಿಯಲ್ಲಿರುತ್ತದೆ. ಕೊಯ್ದ ಮೇಲೆ ಬಾಡಲು ಅದರಲ್ಲಿ ನೀರೇ ಇಲ್ಲ. ಬಣ್ಣ ಬೀಟ್‌ರೂಟಿನ ಕೆಂಪಿಗೆ ಕಾರಣವಾದ ಬೀಟಾಸಯನಿನ್ ಗುಂಪಿನದು; ನೀರಿನಲ್ಲಿ ಕರಗುತ್ತದೆ, ಬೆಳಕು ಮತ್ತು ಬಿಸಿಗೆ ಕೆಡುತ್ತದೆ. ಒಣಗಿಸುವ ನಿಯಮಗಳೆಲ್ಲ ಹುಟ್ಟುವುದು ಈ ಒಂದು ಸಂಗತಿಯಿಂದ.

ಯಾವ ತಳಿ, ಯಾವ ಕೆಲಸಕ್ಕೆ

ಹಾರಕ್ಕೆ, ಪೂಜೆಗೆ, ಒಣಹೂವಿಗೆ ಎತ್ತರದ ನೇರಳೆ ತಳಿಯೇ ಉತ್ತಮ. ಗಿಡ 45ರಿಂದ 60 ಸೆಂ.ಮೀ. ಬೆಳೆಯುತ್ತದೆ, ಕಾಂಡ ಉದ್ದ, ಹೂವು ಸುಮಾರು 2 ಸೆಂ.ಮೀ. ಅಗಲ. ಕತ್ತರಿಸಿದ ಹೂವಿಗೆಂದೇ ರೂಪಿಸಿದ ಕ್ಯೂಐಎಸ್ ಸರಣಿಯಲ್ಲಿ ನೇರಳೆ, ಗುಲಾಬಿ, ಬಿಳಿ, ಕೇಸರಿ ಬಣ್ಣಗಳು ಸಿಗುತ್ತವೆ. ಕುಂಡ ಮತ್ತು ಹಾದಿಯ ಅಂಚಿಗೆ ನೋಮ್, ಬಡ್ಡಿ ತರಹದ ಗಿಡ್ಡ ತಳಿಗಳು. ಇವು 15-20 ಸೆಂ.ಮೀ. ದಾಟುವುದಿಲ್ಲ, ನೋಡಲು ಚೆಂದ, ಆದರೆ ಕಾಂಡ ತುಂಬ ಮೋಟು, ಗೊಂಚಲು ಕಟ್ಟಿ ತೂಗುಹಾಕಲು ಬರುವುದಿಲ್ಲ. ಅಚ್ಚ ಕೆಂಪು ಬೇಕೆನ್ನುವವರು ಸ್ಟ್ರಾಬೆರಿ ಫೀಲ್ಡ್ಸ್ ಹುಡುಕಬೇಕು. ಅದು ಗೋಂಫ್ರೀನಾ ಹಾಗಿಯಾನ ಎಂಬ ಬೇರೆ ಪ್ರಭೇದ, ಟೆಕ್ಸಾಸ್ ಮತ್ತು ಮೆಕ್ಸಿಕೊ ಕಡೆಯದು. ಗಿಡ 60-75 ಸೆಂ.ಮೀ. ಎತ್ತರ, ಕಾಂಡ ತೆಳು, ಗಾಳಿಗೆ ಬಾಗುತ್ತದೆ, ಆಸರೆ ಬೇಕೇ ಬೇಕು.

ಒಂದು ಎಚ್ಚರಿಕೆ. ರಸ್ತೆ ಬದಿಯಲ್ಲಿ, ಖಾಲಿ ನಿವೇಶನಗಳಲ್ಲಿ ನೆಲಕ್ಕೆ ಒರಗಿಕೊಂಡು ಬೆಳೆಯುವ, ಮಾಸಲು ಬಿಳಿಯ ಉದ್ದುದ್ದ ತೆನೆಯಂಥ ಹೂ ಬಿಡುವ ಕಳೆ ಇದೇ ಜಾತಿಯದು. ಅದರ ಬೀಜ ತಂದು ಬಿಳಿ ಬಟನ್ ಹೂವು ಬೆಳೆಯುತ್ತದೆ ಎಂದು ಕಾಯಬೇಡಿ.

ಬಿತ್ತುವ ಕಾಲ

ಬೀಜ ಹಾಕಿದ ದಿನದಿಂದ ಕೊಯ್ಯಲು ಬರುವ ಮೊದಲ ಹೂವಿಗೆ 85ರಿಂದ 95 ದಿನ. ಹಬ್ಬಕ್ಕೆ ಹೂ ಬೇಕಾದವರು ಅಲ್ಲಿಂದ ಹಿಂದಕ್ಕೆ ಎಣಿಸಿಕೊಳ್ಳಬೇಕು. ಆಯುಧಪೂಜೆ ಅಕ್ಟೋಬರ್ ನಡುವೆ ಬರುವ ವರ್ಷ ಜೂನ್ ಕೊನೆಯಲ್ಲಿ ಅಥವಾ ಜುಲೈ ಮೊದಲ ವಾರ ಬಿತ್ತಿದರೆ ಸರಿ. ಸೆಪ್ಟೆಂಬರ್ ಕೊನೆಗೇ ಬಂದರೆ ಜೂನ್ ಮೊದಲ ವಾರದಲ್ಲಿ, ಅಂದರೆ ರೋಹಿಣಿ ಮಳೆ ಮುಗಿಯುವ ಹೊತ್ತಿಗೆ. ಓಣಂ ಮಾರುಕಟ್ಟೆಗೆ ಹೂ ಕಳಿಸುವ ಗಡಿಭಾಗದ ರೈತರಿಗೆ ಮೇ ತಿಂಗಳ ಬಿತ್ತನೆ.

ಬಯಲುಸೀಮೆಗೆ, ಅಂದರೆ ಚಿತ್ರದುರ್ಗ, ತುಮಕೂರು, ಕೋಲಾರ, ಬಳ್ಳಾರಿ ಕಡೆಗೆ ಮುಂಗಾರಿನ ಬಿತ್ತನೆ ಚೆನ್ನಾಗಿ ಹೊಂದುತ್ತದೆ. ಮಲೆನಾಡು ಮತ್ತು ಕರಾವಳಿಯಲ್ಲಿ ಜೂನ್-ಜುಲೈ ಬಿತ್ತನೆಗೆ ಹೋಗಲೇಬೇಡಿ. ಸಸಿ ಕೊಳೆಯುತ್ತದೆ; ಉಳಿದ ಗಿಡದ ಹೂವು ಮಳೆಯಲ್ಲಿ ನೆನೆದು ಕಂದು ತಿರುಗುತ್ತದೆ. ಅಲ್ಲಿಯವರು ಹಸ್ತ, ಚಿತ್ತೆ ಮಳೆಯ ಹೊತ್ತಿಗೆ, ಅಕ್ಟೋಬರಿನಲ್ಲಿ ಬಿತ್ತಿದರೆ ಜನವರಿಯಿಂದ ಬೇಸಿಗೆಯವರೆಗೆ ಹೂವು. ಬೆಂಗಳೂರು, ಹಾಸನ, ಚಿಕ್ಕಮಗಳೂರುಗಳ ಡಿಸೆಂಬರ್ ಚಳಿಯಲ್ಲಿ ಬಿತ್ತಿದರೆ ಮೊಳಕೆ ತಡ. ಇದಕ್ಕೆ ಮೊಳೆಯಲು 20ರಿಂದ 25 ಡಿಗ್ರಿ ಸೆಲ್ಸಿಯಸ್ ಬಿಸುಪು ಬೇಕು, ರಾತ್ರಿ 15 ಡಿಗ್ರಿಗೆ ಇಳಿದರೆ ಬೀಜ ಮಣ್ಣಿನಲ್ಲೇ ಕುಳಿತು ಬೂಜು ಹಿಡಿಯುತ್ತದೆ.

ಬೀಜದಿಂದ ಸಸಿಯವರೆಗೆ

ಅತಿ ಹೆಚ್ಚು ಜನ ಸೋಲುವುದು ಇಲ್ಲೇ. ಬೀಜದ ಸುತ್ತ ಹತ್ತಿಯಂಥ ನವಿರು ಹೊದಿಕೆ ಇದೆ. ಆ ಹೊದಿಕೆ ನೀರನ್ನು ಸುಲಭವಾಗಿ ಒಳಗೆ ಬಿಡುವುದಿಲ್ಲ, ಒಮ್ಮೆ ನೆನೆದರೆ ಬೇಗ ಒಣಗುವುದೂ ಇಲ್ಲ. ಹಾಗಾಗಿ ಒಂದೋ ಬೀಜ ಮೊಳೆಯದೆ ಉಳಿಯುತ್ತದೆ, ಇಲ್ಲವೇ ಬೂಜು ಬರುತ್ತದೆ. ಅಂಗಡಿಯ ಪೊಟ್ಟಣದಲ್ಲಿ ಹೊದಿಕೆ ತೆಗೆದ ಬೀಜ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ಮನೆಯ ಬೀಜವಾದರೆ ಒಂದು ಹಿಡಿ ಒಣ ಬೀಜಕ್ಕೆ ಎರಡು ಹಿಡಿ ದಪ್ಪ ಮರಳು ಬೆರೆಸಿ, ಎರಡು ಅಂಗೈ ನಡುವೆ ನಾಲ್ಕೈದು ನಿಮಿಷ ಹಗುರವಾಗಿ ಉಜ್ಜಿ. ನವಿರು ಬಿಟ್ಟುಕೊಳ್ಳುತ್ತದೆ, ಮೊರದಲ್ಲಿ ಕೇರಿದರೆ ಜೊಳ್ಳು ಹಾರಿಹೋಗಿ, ಹೊಳಪಿನ ಕಂದು ಬೀಜ ಮರಳಿನ ಜೊತೆ ಉಳಿಯುತ್ತದೆ. ಮರಳು ಬೇರ್ಪಡಿಸುವ ಗೋಜಿಗೆ ಹೋಗಬೇಡಿ, ಹಾಗೆಯೇ ತೆಳುವಾದ ಬಟ್ಟೆಯಲ್ಲಿ ಗಂಟು ಕಟ್ಟಿ ಉಗುರುಬೆಚ್ಚಗಿನ ನೀರಿನಲ್ಲಿ 12ರಿಂದ 24 ಗಂಟೆ ನೆನೆಹಾಕಿ, ನೀರು ಬಸಿದು ಅಂದೇ ಬಿತ್ತಿ.

ಸಸಿ ಮಡಿಗೆ ಅಥವಾ ಟ್ರೇಗೆ ಜರಡಿ ಹಿಡಿದ ಎರೆಗೊಬ್ಬರ ಒಂದು ಪಾಲು, ತೊಳೆದ ಕೋಕೋಪೀಟ್ ಎರಡು ಪಾಲು, ಮರಳು ಒಂದು ಪಾಲು. ಪ್ರತಿ ಕಿಲೋ ಎರೆಗೊಬ್ಬರಕ್ಕೆ 10 ಗ್ರಾಂ ಟ್ರೈಕೋಡರ್ಮ (ರೋಗ ತಡೆಯುವ ಶಿಲೀಂಧ್ರದ ಪುಡಿ) ಬೆರೆಸಿ, ತೇವ ಮಾಡಿ, ನೆರಳಿನಲ್ಲಿ ಒಂದು ವಾರ ಮುಚ್ಚಿಟ್ಟು ಬಳಸಿದರೆ ಸಸಿ ಕೊಳೆ ರೋಗ ಬಹಳ ಕಡಿಮೆಯಾಗುತ್ತದೆ. ಪ್ರತಿ ಗುಳಿಗೆ ಎರಡು ಬೀಜ, 3 ಮಿ.ಮೀ. ಮಣ್ಣಿನ ಹೊದಿಕೆ, ಅದಕ್ಕಿಂತ ಹೆಚ್ಚು ಬೇಡ. ಮೊಳಕೆಗೆ ಕತ್ತಲೆ ಅನುಕೂಲ. ಟ್ರೇ ಮೇಲೆ ಒದ್ದೆ ಗೋಣಿ ಅಥವಾ ದಿನಪತ್ರಿಕೆ ಮುಚ್ಚಿ, ಐದನೇ ದಿನದಿಂದ ದಿನಕ್ಕೆ ಎರಡು ಸಲ ಎತ್ತಿ ನೋಡುತ್ತಿರಿ. ಮೊದಲ ಮೊಳಕೆ ಕಂಡ ಕ್ಷಣವೇ ಮುಚ್ಚಿಗೆ ತೆಗೆಯಬೇಕು. ಒಂದು ದಿನ ತಡವಾದರೂ ಸಸಿ ಬಿಳಿಚಿಕೊಂಡು ಎಳೆದುಕೊಂಡು ನಿಲ್ಲುತ್ತದೆ. 7ರಿಂದ 14 ದಿನದೊಳಗೆ ಮೊಳೆಯುವುದೆಲ್ಲ ಮೊಳೆತಿರುತ್ತದೆ. ನೂರಕ್ಕೆ ಅರವತ್ತೆಪ್ಪತ್ತು ಬಂದರೆ ಒಳ್ಳೆಯ ಬೀಜವೆಂದೇ ಲೆಕ್ಕ.

ಸಸಿಗಳು ಬುಡದಲ್ಲಿ ನೂಲಿನಷ್ಟು ಸಣ್ಣಗಾಗಿ ಒರಗಿಬಿದ್ದರೆ ಅದು ಸಸಿ ಕೊಳೆ. ಬಿದ್ದ ಸಸಿ ಉಳಿಯುವುದಿಲ್ಲ. ಅವನ್ನು ಸುತ್ತಲಿನ ಮಣ್ಣಿನ ಸಮೇತ ತೆಗೆದು, ಉಳಿದದ್ದಕ್ಕೆ ಒಂದು ಲೀಟರ್ ನೀರಿಗೆ 3 ಗ್ರಾಂ ಕಾಪರ್ ಆಕ್ಸಿಕ್ಲೋರೈಡ್ ಕರಗಿಸಿ ಬುಡಕ್ಕೆ ಹಾಕಿ, ಎರಡು ದಿನ ನೀರು ನಿಲ್ಲಿಸಿ. ಈ ತಾಮ್ರದ ಔಷಧ ಹಾಕಿದ ಕಡೆ ಮತ್ತೆ ಟ್ರೈಕೋಡರ್ಮ ಹಾಕಲು ಎರಡು ವಾರವಾದರೂ ಬಿಡಬೇಕು, ಇಲ್ಲದಿದ್ದರೆ ಆ ಒಳ್ಳೆಯ ಶಿಲೀಂಧ್ರವೂ ಸಾಯುತ್ತದೆ.

ನೆಲ, ಕುಂಡ, ನಾಟಿ

ಸಸಿಗೆ ನಾಲ್ಕು ವಾರವಾಗಿ, ಮೂರು ಜೊತೆ ಎಲೆ ಬಂದಾಗ ನಾಟಿಗೆ ಸಿದ್ಧ. ನಾಟಿಗೆ ಮುಂಚಿನ ಐದಾರು ದಿನ ಟ್ರೇಯನ್ನು ಬಿಸಿಲಿಗೆ ಸ್ವಲ್ಪ ಸ್ವಲ್ಪ ಒಗ್ಗಿಸಿ, ನೀರನ್ನು ಅರ್ಧಕ್ಕೆ ಇಳಿಸಿ.

ಜಾಗದ ಆಯ್ಕೆಯಲ್ಲಿ ರಾಜಿ ಬೇಡ: ದಿನಕ್ಕೆ 6ರಿಂದ 8 ಗಂಟೆ ನೇರ ಬಿಸಿಲು. ಬೆಳಗಿನ ಎರಡು ಗಂಟೆ ಮಾತ್ರ ಬಿಸಿಲು ಬೀಳುವ ಬಾಲ್ಕನಿಯಲ್ಲಿ ಗಿಡ ಬದುಕುತ್ತದೆ, ಹೂ ಬಿಡುವುದಿಲ್ಲ. ಬಿಟ್ಟರೂ ಬಣ್ಣ ತೆಳು, ಕಾಂಡ ಸೊಟ್ಟ.

ಕೆಂಪು ಗೋಡು ಮಣ್ಣು ಇದಕ್ಕೆ ಹೇಳಿ ಮಾಡಿಸಿದ್ದು. ಒಂದು ಚದರ ಮೀಟರ್ ಮಡಿಗೆ 3ರಿಂದ 4 ಕಿಲೋ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, 100 ಗ್ರಾಂ ಬೇವಿನ ಹಿಂಡಿ ಬೆರೆಸಿ ಒಂದು ಅಡಿ ಆಳ ಅಗೆದು ಸಡಿಲಿಸಿ. ಅಗೆತದಲ್ಲಿ ಸೋಮಾರಿತನ ಮಾಡಿದರೆ ಬೇರು ಮೇಲಿನ ಮೂರು ಅಂಗುಲದಲ್ಲೇ ಹರಡಿಕೊಳ್ಳುತ್ತದೆ. ಆಮೇಲೆ ಬರ ತಡೆಯುವುದು ಎಲ್ಲಿಂದ ಬಂತು? ಎರೆಮಣ್ಣಿನ ಹೊಲದಲ್ಲಿ ಸಮತಟ್ಟು ನೆಲಕ್ಕೆ ನೆಡಬೇಡಿ. 20ರಿಂದ 25 ಸೆಂ.ಮೀ. ಎತ್ತರದ ಏರುಮಡಿ ಮಾಡಿ, ಎರಡು ಮಡಿಗಳ ನಡುವೆ ನೀರು ಹರಿದುಹೋಗಲು ಕಾಲುವೆ ಬಿಡಿ. ಮಳೆಗಾಲದಲ್ಲಿ ಎರೆಮಣ್ಣು ಎರಡು ದಿನ ನೀರು ಹಿಡಿದು ನಿಂತರೂ ಈ ಗಿಡದ ಬೇರು ಉಸಿರುಗಟ್ಟಿ ಕಪ್ಪಾಗುತ್ತದೆ.

ಎತ್ತರದ ತಳಿಗೆ ಗಿಡದಿಂದ ಗಿಡಕ್ಕೆ 30 ಸೆಂ.ಮೀ., ಗಿಡ್ಡ ತಳಿಗೆ 20. ಹೊಲದಲ್ಲಿ ಸಾಲಿಗೆ 45 ಸೆಂ.ಮೀ., ಗಿಡಕ್ಕೆ 30 ಸೆಂ.ಮೀ. ಇಟ್ಟರೆ ಎಕರೆಗೆ ಸುಮಾರು 30,000 ಸಸಿ ಬೇಕಾಗುತ್ತದೆ. ಸಂಜೆ ಹೊತ್ತು ನಾಟಿ ಮಾಡಿ, ಟ್ರೇಯಲ್ಲಿ ಇದ್ದಷ್ಟೇ ಆಳಕ್ಕೆ ಕೂರಿಸಿ.

ಕುಂಡವಾದರೆ 10-12 ಅಂಗುಲದ್ದು, ತಳದಲ್ಲಿ ತೂತು ಚೆನ್ನಾಗಿರಬೇಕು. ಎತ್ತರದ ತಳಿ ಒಂದು, ಗಿಡ್ಡ ತಳಿಯಾದರೆ ಮೂರು. ಕೆಂಪು ಮಣ್ಣು ಎರಡು ಪಾಲು, ದಪ್ಪ ಮರಳು ಒಂದು ಪಾಲು, ಕಾಂಪೋಸ್ಟ್ ಒಂದು ಪಾಲು. ತಾರಸಿಗೆ ಭಾರವಾಗುತ್ತದೆಂದು ಪೂರ್ತಿ ಕೋಕೋಪೀಟ್ ತುಂಬುವವರಿದ್ದಾರೆ. ಮಳೆಗಾಲದಲ್ಲಿ ಅದು ವಾರಗಟ್ಟಲೆ ಒದ್ದೆಯಾಗೇ ಇರುತ್ತದೆ, ಈ ಗಿಡಕ್ಕೆ ಅದು ಆಗದು. ನಾಲ್ಕನೇ ಒಂದು ಪಾಲಿಗಿಂತ ಹೆಚ್ಚು ಕೋಕೋಪೀಟ್ ಬೇಡ.

ನೀರು

ನಾಟಿಯಾದ ಮೊದಲ ಹತ್ತು ದಿನ ಮಣ್ಣಿನ ಮೇಲ್ಭಾಗ ಒಣಗಲು ಬಿಡಬಾರದು. ಮಳೆಯಿಲ್ಲದಿದ್ದರೆ ದಿನ ಬಿಟ್ಟು ದಿನ, ಬೇಸಿಗೆಯಲ್ಲಿ ದಿನವೂ, ಗಿಡಕ್ಕೆ ಅರ್ಧ ಲೀಟರ್. ಹನ್ನೊಂದನೇ ದಿನದಿಂದ ಐದನೇ ವಾರದವರೆಗೆ ವಾರಕ್ಕೆ ಎರಡು ಸಲ, ಪ್ರತಿ ಸಲ ಹೆಚ್ಚು ನೀರು. ಆರನೇ ವಾರದಿಂದ ಕೆಂಪು ಮಣ್ಣಿನಲ್ಲಿ 7ರಿಂದ 10 ದಿನಕ್ಕೊಮ್ಮೆ, ಎರೆಮಣ್ಣಿನಲ್ಲಿ 12ರಿಂದ 15 ದಿನಕ್ಕೊಮ್ಮೆ ಸಾಕು. ಆದರೆ ಕೊಟ್ಟಾಗ ಪೂರ್ತಿ ಕೊಡಿ: ಚದರ ಮೀಟರಿಗೆ ಸುಮಾರು 20 ಲೀಟರ್. ಅಷ್ಟು ಕೊಟ್ಟರೆ ಒಣಗಿದ ಗೋಡು ಮಣ್ಣು ಸುಮಾರು ಒಂದು ಗೇಣು ಆಳಕ್ಕೆ ನೆನೆಯುತ್ತದೆ. ಮಗ್ಗಿನಲ್ಲಿ ದಿನವೂ ಚಿಮುಕಿಸುವ ನೀರು ಎರಡು ಅಂಗುಲ ಇಳಿದು ಆವಿಯಾಗುತ್ತದೆ. ಬೇರು ಆ ಎರಡು ಅಂಗುಲಕ್ಕೇ ಬಂದು ಕೂರುತ್ತದೆ. ನೀವು ನಾಲ್ಕು ದಿನ ಊರಿಗೆ ಹೋದಾಗ ಒಣಗುವುದು ಅಂಥ ಗಿಡವೇ. ಅಪರೂಪಕ್ಕೆ, ಆಳವಾಗಿ ನೀರುಂಡ ಗಿಡ ಹದಿನೈದು ದಿನ ಮಳೆ ಕೈಕೊಟ್ಟರೂ ನಿಲ್ಲುತ್ತದೆ.

ಕುಂಡದ ಗಿಡಕ್ಕೆ ಈ ಲೆಕ್ಕ ಅನ್ವಯಿಸುವುದಿಲ್ಲ. ಬೇರಿಗೆ ಆಳವೇ ಇಲ್ಲದ ಕಡೆ ಬರ ತಡೆಯುವ ಗುಣ ಅರ್ಧಕ್ಕರ್ಧ ಹೋಗಿಬಿಡುತ್ತದೆ. ಬೇಸಿಗೆಯ ತಾರಸಿಯಲ್ಲಿ ಎರಡು ದಿನಕ್ಕೊಮ್ಮೆ, ಬೇರೆ ಕಾಲದಲ್ಲಿ ಮೂರು-ನಾಲ್ಕು ದಿನಕ್ಕೊಮ್ಮೆ. ಬೆರಳನ್ನು ಎರಡು ಗೆಣ್ಣು ಆಳಕ್ಕೆ ಚುಚ್ಚಿ ನೋಡಿ, ತೇವ ತಗುಲಿದರೆ ಅಂದು ಬೇಡ.

ಗಿಡ ಬಾಡಿದ್ದನ್ನು ಓದುವುದು ಕಲಿಯಬೇಕು. ಮಧ್ಯಾಹ್ನ ಎರಡರ ಬಿಸಿಲಿಗೆ ಎಲೆ ಜೋತು, ಸಂಜೆ ಆರಕ್ಕೆ ಮತ್ತೆ ನಿಂತರೆ ಗಿಡಕ್ಕೇನೂ ಆಗಿಲ್ಲ, ನೀರು ಹಾಕಬೇಡಿ. ಬೆಳಗ್ಗೆ ಏಳಕ್ಕೂ ಜೋತೇ ಇದ್ದು ಮಣ್ಣು ಒಣಗಿದ್ದರೆ ನೀರು ಬೇಕು. ಮಣ್ಣು ಒದ್ದೆಯಿದ್ದೂ ಗಿಡ ಬಾಡಿದ್ದರೆ ಬೇರು ಕೊಳೆಯುತ್ತಿದೆ ಎಂದರ್ಥ. ಆಗ ಬಾಯಾರಿದೆ ಎಂದು ಇನ್ನೊಂದು ಕೊಡ ಸುರಿಯುವುದು ಅದನ್ನು ಮುಗಿಸಿದಂತೆ.

ನೀರು ಬುಡಕ್ಕೆ ಮಾತ್ರ, ಬೆಳಗಿನ ಹೊತ್ತು. ಹೂವಿನ ಮೇಲೆ ನೀರು ಬಿದ್ದರೆ ಪುಷ್ಪಪತ್ರದ ಸಂದಿನಲ್ಲಿ ನಿಂತು ಬೂಜು ಬರುತ್ತದೆ, ಬಣ್ಣವೂ ಕಲೆಯಾಗುತ್ತದೆ. ಬುಡದಿಂದ ಮೂರು ಅಂಗುಲ ದೂರ ಬಿಟ್ಟು ರಾಗಿ ಹುಲ್ಲು, ಕಡಲೆಕಾಯಿ ಸಿಪ್ಪೆ ಅಥವಾ ತರಗೆಲೆಯನ್ನು ಎರಡು ಅಂಗುಲ ದಪ್ಪಕ್ಕೆ ಹೊದಿಸಿದರೆ ಎರಡು ನೀರಿನ ನಡುವಿನ ಅಂತರವನ್ನು ಇನ್ನೂ ಎರಡು-ಮೂರು ದಿನ ಎಳೆಯಬಹುದು.

ಗೊಬ್ಬರ ಮತ್ತು ಚಿವುಟುವಿಕೆ

ಮಡಿಗೆ ಹಾಕಿದ ಗೊಬ್ಬರವೇ ಬಹುಪಾಲು ಸಾಕು. ನಾಟಿಯಾದ ಮೂರನೇ ವಾರ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮಪಾಲು) ಗೊಬ್ಬರವನ್ನು ಲೀಟರಿಗೆ 2 ಗ್ರಾಂನಂತೆ ಕರಗಿಸಿ ಬುಡಕ್ಕೆ ಒಮ್ಮೆ ಕೊಡಿ. ಸಾವಯವದವರು ಒಂದು ಪಾಲು ಜೀವಾಮೃತಕ್ಕೆ ಹತ್ತು ಪಾಲು ನೀರು ಬೆರೆಸಿ 15 ದಿನಕ್ಕೊಮ್ಮೆ, ಮೊಗ್ಗು ಕಾಣುವವರೆಗೆ. ಯೂರಿಯಾ ಮುಟ್ಟಲೇಬೇಡಿ. ಸಾರಜನಕ ಹೆಚ್ಚಾದರೆ ಎಲೆ ಅಂಗೈಯಷ್ಟಾಗುತ್ತದೆ, ಕಾಂಡ ರಸಭರಿತವಾಗಿ ಒರಗುತ್ತದೆ, ಹೂ ತಡವಾಗುತ್ತದೆ, ಹೇನು ಮುತ್ತುತ್ತದೆ. ಅಂಥ ಕಾಂಡ ಒಣಗಿಸುವಾಗ ಹೂವಿನ ಬುಡದಲ್ಲೇ ಮುರುಟಿ ಬಾಗುವುದರಿಂದ ಒಣಹೂವಿನ ಗೊಂಚಲಿಗೂ ಬರುವುದಿಲ್ಲ.

ಗಿಡ 15 ಸೆಂ.ಮೀ. ಆದಾಗ, ನಾಲ್ಕನೇ ಜೊತೆ ಎಲೆಯ ಮೇಲೆ ತುದಿ ಚಿವುಟಿ. ಎಲೆಗಳು ಎದುರುಬದುರು ಇರುವುದರಿಂದ ಪ್ರತಿ ಗೆಣ್ಣಿನಿಂದ ಎರಡು ಕವಲು ಬರುತ್ತದೆ. ಮೊದಲ ಹೂವು ಹತ್ತು-ಹನ್ನೆರಡು ದಿನ ತಡವಾಗುತ್ತದೆ ನಿಜ, ಮೇಲೆ ಹೇಳಿದ 85-95 ದಿನದಲ್ಲಿ ಅದೂ ಸೇರಿದೆ. ಚಿವುಟದ ಗಿಡ ನಡುವೆ ಒಂದು ದಪ್ಪ ಹೂ ಬಿಟ್ಟು ಸುತ್ತ ತೆಳ್ಳಗಿನ ಕವಲುಗಳನ್ನು ಬಿಡುತ್ತದೆ. ಚಿವುಟಿದ ಗಿಡದಲ್ಲಿ ಹತ್ತಾರು ಕವಲು ಒಂದೇ ಎತ್ತರಕ್ಕೆ, ಒಂದೇ ವಾರದಲ್ಲಿ ಹೂವಾಗುತ್ತವೆ. ಹಾರಕ್ಕೆ ಬೆಳೆಯುವವರಿಗೆ ಈ ವ್ಯತ್ಯಾಸ ದೊಡ್ಡದು. ಗಿಡ್ಡ ತಳಿಗೆ ಚಿವುಟುವುದು ಬೇಕಿಲ್ಲ.

ರೋಗ, ಕೀಟ

ಒಣ ಬೇಸಿಗೆಯಲ್ಲಿ ಎಲೆಯ ಮೇಲ್ಭಾಗ ಸಾಸಿವೆಯಷ್ಟು ಬಿಳಿ ಚುಕ್ಕೆಗಳಾಗಿ ಕಂದಿದರೆ ಎಲೆ ತಿರುಗಿಸಿ ನೋಡಿ. ಕೆಳಗೆ ಕೆಂಪು ನುಸಿ, ನವಿರಾದ ಬಲೆ ಇರುತ್ತದೆ. ಎರಡು-ಮೂರು ದಿನ ಬೆಳಗ್ಗೆ ಎಲೆಯ ಕೆಳಭಾಗಕ್ಕೆ ಜೋರಾಗಿ ನೀರು ಹಾಯಿಸಿದರೆ ಅರ್ಧ ಹೋಗುತ್ತದೆ. ಉಳಿದದ್ದಕ್ಕೆ ಬೇವಿನೆಣ್ಣೆ ಲೀಟರಿಗೆ 5 ಮಿ.ಲೀ., ಬೆರೆಯಲು 1 ಮಿ.ಲೀ. ಸೋಪಿನ ದ್ರಾವಣ, ಸಂಜೆ ಹೊತ್ತು, ವಾರದ ಅಂತರದಲ್ಲಿ ಎರಡು ಸಲ. ಹೇನಿಗೂ ಇದೇ ಮದ್ದು. ಹೂ ಅರಳಿದ ಮೇಲೆ ಎಣ್ಣೆ ಸಿಂಪಡಿಸಿದರೆ ಪುಷ್ಪಪತ್ರಕ್ಕೆ ಎಣ್ಣೆ ಕಲೆ ಹತ್ತುತ್ತದೆ. ಎಲೆಗೆ ಮಾತ್ರ ತಾಗುವಂತೆ ಬಗ್ಗಿ ಹೊಡೆಯಿರಿ.

ಚಳಿಗಾಲದಲ್ಲಿ ಎಲೆ ಮೇಲೆ ಬಿಳಿ ಹುಡಿ ಬಂದರೆ ಬೂದಿ ರೋಗ. ನೀರಿನಲ್ಲಿ ಬೆರೆಯುವ ಗಂಧಕ ಲೀಟರಿಗೆ 2 ಗ್ರಾಂ ಸಾಕು. ಬಿಸಿಲು 32 ಡಿಗ್ರಿ ದಾಟಿದ ದಿನ ಗಂಧಕ ಬೇಡ, ಬೇವಿನೆಣ್ಣೆ ಹೊಡೆದ ಎರಡು ವಾರದೊಳಗೂ ಬೇಡ. ಎರಡೂ ಸೇರಿದರೆ ಎಲೆ ಸುಡುತ್ತದೆ. ಮಳೆಗಾಲದಲ್ಲಿ ಕೆಂಪು ಅಂಚಿನ, ನಡುವೆ ಬೂದು ಬಣ್ಣದ ದುಂಡು ಚುಕ್ಕೆ ಕಂಡರೆ ಎಲೆಚುಕ್ಕೆ ರೋಗ. ಕೆಳಗಿನ ರೋಗದ ಎಲೆಗಳನ್ನು ಕಿತ್ತು ಸುಟ್ಟು, ಗಿಡಗಳ ನಡುವೆ ಗಾಳಿಯಾಡುವಂತೆ ಮಾಡಿ. ಹೆಚ್ಚಾದರೆ ಮ್ಯಾಂಕೋಜೆಬ್ ಲೀಟರಿಗೆ 2 ಗ್ರಾಂ. ಹರಿವೆ ಸೊಪ್ಪಿನ ಎಲೆ ಹೆಣೆಯುವ ಹಸಿರು ಹುಳು ಇದಕ್ಕೂ ಬರಬಹುದು, ಕೈಯಿಂದ ಆರಿಸಿ ತೆಗೆದರೆ ಆಯಿತು.

ವೈರಸ್ಸಿನ ವಿಷಯ ಬೇರೆ. ಸಸ್ಯರೋಗ ಪ್ರಯೋಗಾಲಯಗಳಲ್ಲಿ ಬಟನ್ ಹೂವಿನ ಗಿಡವನ್ನು ವೈರಸ್ ಪತ್ತೆಗೆಂದೇ ಬೆಳೆಸುತ್ತಾರೆ. ಆಲೂಗಡ್ಡೆಯ ಎಕ್ಸ್ ವೈರಸ್ ಇರುವ ರಸವನ್ನು ಇದರ ಎಲೆಗೆ ಉಜ್ಜಿದರೆ ಕೆಲವೇ ದಿನದಲ್ಲಿ ಕೆಂಪು ಉಂಗುರದ ಚುಕ್ಕೆ ಮೂಡುತ್ತದೆ. ಇಷ್ಟು ಸುಲಭವಾಗಿ ವೈರಸ್ ಹಿಡಿಯುವ ಗಿಡವನ್ನು ಟೊಮೇಟೊ, ಮೆಣಸಿನಕಾಯಿ, ಆಲೂಗಡ್ಡೆ ಮಡಿಯ ಪಕ್ಕ ನೆಡದಿರುವುದೇ ಲೇಸು. ಎಲೆ ಮುರುಟಿ, ಹಸಿರು-ಹಳದಿ ಮಚ್ಚೆ ಬಂದು, ಹೂ ಗಂಟುಗಂಟಾದ ಗಿಡಕ್ಕೆ ಔಷಧವಿಲ್ಲ. ಕಿತ್ತು ಸುಡಿ, ಆ ಕೈಯಲ್ಲಿ ಬೇರೆ ಗಿಡ ಮುಟ್ಟುವ ಮೊದಲು ಸೋಪು ಹಾಕಿ ತೊಳೆಯಿರಿ.

ಕೊಯ್ಯುವ ಹದ

ಒಣಹೂವಿಗೆ ಕೊಯ್ಯುವ ಹದವೇ ಎಲ್ಲ. ಬಣ್ಣ ಬಂದ ಕೂಡಲೇ ಕೊಯ್ದರೆ ಹೂವಿನ ಕೆಳಗಿನ ಕಾಂಡ ಎಳಸು, ಒಣಗುವಾಗ ಬಾಗುತ್ತದೆ. ತಡ ಮಾಡಿದರೆ ಗುಂಡು ಹೂವು ಮೇಲಕ್ಕೆ ಬೆಳೆದು ಮೊಟ್ಟೆಯಾಕಾರಕ್ಕೆ ಬರುತ್ತದೆ, ಬುಡದ ಪುಷ್ಪಪತ್ರಗಳು ಕಂದಿ ಉದುರತೊಡಗುತ್ತವೆ. ಅಂಥದ್ದನ್ನು ಒಣಗಿಸಿದರೆ ಪೆಟ್ಟಿಗೆಯಲ್ಲಿ ಪುಡಿ ಸಿಗುತ್ತದೆ. ಸರಿಯಾದ ಹದ ಇವೆರಡರ ನಡುವಿನದು: ಹೂವು ಪೂರ್ತಿ ದುಂಡಗಾಗಿರಬೇಕು, ಬುಡದಿಂದ ತುದಿಯವರೆಗೆ ಒಂದೇ ಬಣ್ಣ, ಹಿಚುಕಿದರೆ ಗಟ್ಟಿ. ಹೂವಿನ ಒಂದು ಗೇಣು ಕೆಳಗೆ ಕಾಂಡ ಹಿಡಿದು ಅಲುಗಾಡಿಸಿ. ಹೂವಿನ ತಲೆ ಜೋಲದೆ ಕಾಂಡದ ಜೊತೆ ನೆಟ್ಟಗೆ ಆಡಿದರೆ ಕೊಯ್ಯಬಹುದು.

ಇಬ್ಬನಿ ಪೂರ್ತಿ ಆರಿದ ಮೇಲೆ, ಬೆಳಗ್ಗೆ ಹತ್ತರ ಸುಮಾರಿಗೆ ಕೊಯ್ಯಿರಿ. ಮಳೆ ಬಂದ ಮರುದಿನ ಬೇಡ. ಹರಿತ ಕತ್ತರಿಯಿಂದ, ಕೆಳಗೆ ಎರಡು ಜೊತೆ ಎಲೆ ಉಳಿಯುವಂತೆ ಕತ್ತರಿಸಿದರೆ ಅಲ್ಲಿಂದ ಮತ್ತೆ ಎರಡು ಕವಲು ಬರುತ್ತವೆ. ಹೂ ಕೊಯ್ದಷ್ಟೂ ಗಿಡ ಹೂ ಕೊಡುತ್ತದೆ. ಹೊಸ ಹೂವು ಚಿಕ್ಕದಾಗತೊಡಗಿದಾಗ ಇಡೀ ಗಿಡವನ್ನು ಮೂರನೇ ಒಂದು ಭಾಗ ಕತ್ತರಿಸಿ, ಒಂದು ಸಲ ಆಳವಾಗಿ ನೀರುಣಿಸಿ. ಇನ್ನೊಂದು ಸುತ್ತು ಸಿಗುತ್ತದೆ. ಅದರ ನಂತರ ಕಾಂಡ ಕಟ್ಟಿಗೆಯಾಗುತ್ತದೆ, ಕಿತ್ತು ಹೊಸದು ನೆಡುವುದೇ ಸರಿ.

ಸ್ಟ್ರಾಫ್ಲವರ್ ಬೆಳೆದು ಅಭ್ಯಾಸವಿರುವವರು ಇಲ್ಲಿ ಎಡವುತ್ತಾರೆ. ಆಸ್ಟ್ರೇಲಿಯಾ ಮೂಲದ ಆ ಹೂವನ್ನು ನಡುವಿನ ಹಳದಿ ಕಾಣುವ ಮೊದಲೇ, ಅರೆಮೊಗ್ಗಿನಲ್ಲಿ ಕೊಯ್ಯಬೇಕು, ಯಾಕೆಂದರೆ ಅದು ಒಣಗುವಾಗಲೂ ಅರಳುತ್ತಲೇ ಇರುತ್ತದೆ. ಬಟನ್ ಹೂವು ಕೊಯ್ದ ಮೇಲೆ ಹಿಗ್ಗುವುದಿಲ್ಲ. ಕೊಯ್ದಾಗ ಎಷ್ಟಿದೆಯೋ ಅಷ್ಟೇ.

ಒಣಗಿಸುವುದು

ಎಲೆಗಳನ್ನೆಲ್ಲ ಕೊಯ್ದ ಕೂಡಲೇ ಕೀಳಿ. ಎಲೆ ಉಳಿದರೆ ಗೊಂಚಲಿನ ನಡುವೆ ತೇವ ನಿಲ್ಲುತ್ತದೆ. ಹತ್ತು-ಹನ್ನೆರಡು ಕಾಂಡಗಳನ್ನು ಸೇರಿಸಿ ರಬ್ಬರ್ ಬ್ಯಾಂಡ್ ಹಾಕಿ. ದಾರ ಬೇಡ, ಕಾಂಡ ಒಣಗಿ ಸಣ್ಣಗಾದಾಗ ದಾರದ ಗಂಟು ಸಡಿಲವಾಗಿ ಕಾಂಡಗಳು ಜಾರುತ್ತವೆ. ಹೂವುಗಳು ಒಂದಕ್ಕೊಂದು ಅಂಟದಂತೆ ಕಾಂಡಗಳನ್ನು ಸ್ವಲ್ಪ ಮೇಲೆ ಕೆಳಗೆ ಹೊಂದಿಸಿ. ತಲೆಕೆಳಗಾಗಿ, ಗೊಂಚಲಿಂದ ಗೊಂಚಲಿಗೆ ಒಂದು ಗೇಣು ಅಂತರದಲ್ಲಿ ತೂಗುಹಾಕಿ.

ಕೋಣೆ ಕತ್ತಲೆಯಿರಬೇಕು, ಗಾಳಿಯಾಡಬೇಕು. ಬಿಸಿಲಿನಲ್ಲಿ ಒಣಗಿಸಿದರೆ ಎರಡೇ ದಿನದಲ್ಲಿ ಒಣಗುತ್ತದೆ ಎಂಬ ಆಸೆಗೆ ಬಿದ್ದು ತಾರಸಿಯಲ್ಲಿ ಹರಡಿದರೆ ನೇರಳೆ ಬಣ್ಣ ಮಾಸಲು ಗುಲಾಬಿಗೆ ಇಳಿಯುತ್ತದೆ. ಓವನ್, ಮೈಕ್ರೋವೇವ್ ಕೂಡ ಹಾಗೆಯೇ. ಬಯಲುಸೀಮೆಯ ಒಣ ಹವೆಯಲ್ಲಿ ಎರಡು ವಾರ, ಬೆಂಗಳೂರಿನಂಥ ಕಡೆ ಮೂರು ವಾರ ಹಿಡಿಯುತ್ತದೆ. ಕರಾವಳಿಯಲ್ಲಿ, ಹವೆಯೇ ಒದ್ದೆಯಾಗಿರುವ ತಿಂಗಳುಗಳಲ್ಲಿ, ಬರೇ ತೂಗುಹಾಕಿದರೆ ಸಾಲದು. ಗೊಂಚಲಿಗೆ ಐದಾರು ಕಾಂಡ ಮಾತ್ರ ಇರಲಿ, ಮೊದಲ ಐದು ದಿನ ಫ್ಯಾನ್ ಗಾಳಿ ಸದಾ ತಾಗುವಂತೆ ಮಾಡಿ. ಕಾಂಡ ಬಾಗಿಸಿದಾಗ ಟಕ್ಕೆಂದು ಮುರಿದರೆ ಒಣಗಿದೆ, ಬಾಗಿ ನಿಂತರೆ ಇನ್ನೂ ಒಂದು ವಾರ.

ಹಾರಕ್ಕೆ, ತೋರಣಕ್ಕೆ ಕಾಂಡ ಬೇಡವಾದವರು ಬರೀ ಹೂವನ್ನು ಬಿದಿರ ಮೊರದಲ್ಲಿ ಒಂದೇ ಪದರವಾಗಿ ಹರಡಿ, ದಿನಕ್ಕೊಮ್ಮೆ ಅಲುಗಿಸಿ, 7ರಿಂದ 10 ದಿನ ನೆರಳಿನಲ್ಲಿ ಇಡಬಹುದು. ಆದರೆ ಪೋಣಿಸುವ ಕೆಲಸವನ್ನು ಹೂವು ಹಸಿಯಿರುವಾಗಲೇ ಮುಗಿಸುವುದು ಜಾಣತನ. ಹಸಿ ಹೂವಿನ ನಡುವೆ ಸೂಜಿ ಸಲೀಸಾಗಿ ಹೋಗುತ್ತದೆ, ಒಣಗಿದ ಮೇಲೆ ಪತ್ರ ಸಿಡಿಯುತ್ತದೆ. 2 ಸೆಂ.ಮೀ. ಹೂವಾದರೆ ಒಂದು ಮೀಟರ್ ಹಾರಕ್ಕೆ ಸುಮಾರು 50 ಹೂವು. ಪೋಣಿಸಿದ ಹಾರವನ್ನೇ ಕತ್ತಲೆ ಕೋಣೆಯಲ್ಲಿ ಅಡ್ಡದಾರಕ್ಕೆ ತೂಗುಹಾಕಿ ಒಣಗಿಸಿ. ಒದ್ದೆ ಹೂವಿನ ಬಣ್ಣ ಬಟ್ಟೆಗೆ ಹತ್ತುತ್ತದೆ. ದೇವರ ಬಿಳಿ ವಸ್ತ್ರದ ಮೇಲೆ ಹಾಕುವ ಹಾರಕ್ಕೆ ನೀರು ಚಿಮುಕಿಸಬೇಡಿ.

ಒಣಗಿದ್ದನ್ನು ರಟ್ಟಿನ ಪೆಟ್ಟಿಗೆಯಲ್ಲಿ, ಪದರಕ್ಕೊಂದು ದಿನಪತ್ರಿಕೆ ಹಾಸಿ ಇಡಿ. ಪ್ಲಾಸ್ಟಿಕ್ ಚೀಲದಲ್ಲಿ ಉಳಿದ ತೇವ ಬೂಜಾಗುತ್ತದೆ. ಒಣ ಬೇವಿನ ಎಲೆ ಒಂದು ಹಿಡಿ, ಮಳೆಗಾಲಕ್ಕೆ ಎರಡು-ಮೂರು ಸಿಲಿಕಾ ಜೆಲ್ ಪೊಟ್ಟಣ ಜೊತೆಗಿಟ್ಟರೆ ಹುಳು, ತೇವ ಎರಡೂ ದೂರ. ಹೂದಾನಿಯಲ್ಲಿ ಇಟ್ಟದ್ದು ಕಿಟಕಿ ಬಿಸಿಲಿಗೆ ಬೇಗ ಮಾಸುತ್ತದೆ, ಒಳಗೋಡೆಯ ಪಕ್ಕ ಇಟ್ಟರೆ ಒಂದು ವರ್ಷ ಬಣ್ಣ ನಿಲ್ಲುತ್ತದೆ. ಧೂಳು ತೆಗೆಯಲು ಒಣ ಕುಂಚ, ನೀರಲ್ಲ.

ಬೀಜ ಉಳಿಸುವುದು

ಬೀಜಕ್ಕೆಂದು ಗಟ್ಟಿ ಕಾಂಡದ, ಒಳ್ಳೆಯ ಬಣ್ಣದ ಐದಾರು ಗಿಡಗಳನ್ನು ಮೊದಲೇ ಗುರುತಿಸಿ, ಅವುಗಳ ಎರಡನೇ ಸುತ್ತಿನ ಹೂವನ್ನು ಕೊಯ್ಯದೆ ಬಿಡಿ. ಚಿಟ್ಟೆ, ಜೇನು ಎಲ್ಲ ಬಣ್ಣಕ್ಕೂ ಹೋಗುವುದರಿಂದ ಬಿಳಿಯ ಪಕ್ಕದಲ್ಲೇ ನೇರಳೆ ಇದ್ದರೆ ಮುಂದಿನ ವರ್ಷ ಬಣ್ಣ ಬೆರೆಯುತ್ತದೆ. ಅಚ್ಚ ಬಿಳಿ ಬೇಕೆಂದರೆ ಹೂ ಬಿಡುವ ಮೊದಲೇ ಆ ಗೊಂಚಲಿಗೆ ತೆಳು ಬಲೆಬಟ್ಟೆಯ ಚೀಲ ಕಟ್ಟಿ. ಹೂವು ಉದ್ದವಾಗಿ, ಬುಡ ಕಂದಿ, ಹಿಡಿದು ಎಳೆದರೆ ಪತ್ರಗಳು ಸುಲಭವಾಗಿ ಬಿಡುವಾಗ ಬೀಜ ಬಲಿತಿದೆ. ಕೊಯ್ದು, ನೆರಳಿನಲ್ಲಿ ಎರಡು ವಾರ ಒಣಗಿಸಿ, ಪುಡಿಮಾಡಿ, ಕೇರಿ, ಕಾಗದದ ಲಕೋಟೆಯಲ್ಲಿ ತುಂಬಿ, ಮೇಲೆ ಬಣ್ಣ ಮತ್ತು ವರ್ಷ ಬರೆಯಿರಿ. ಎರಡನೇ ವರ್ಷಕ್ಕೆ ಮೊಳಕೆ ಇಳಿಯುತ್ತದೆ. ಹಳೆಯ ಬೀಜವಾದರೆ ಬಿತ್ತುವ ಹದಿನೈದು ದಿನ ಮೊದಲು 20 ಬೀಜಗಳನ್ನು ಒದ್ದೆ ಹತ್ತಿಬಟ್ಟೆಯಲ್ಲಿ ಸುತ್ತಿ ಬೆಚ್ಚಗಿನ ಕಡೆ ಇಟ್ಟು ನೋಡಿ. ಹತ್ತಕ್ಕಿಂತ ಹೆಚ್ಚು ಮೊಳೆತರೆ ಎಂದಿನಂತೆ ಗುಳಿಗೆ ಎರಡು, ಐದರಿಂದ ಹತ್ತು ಬಂದರೆ ಗುಳಿಗೆ ನಾಲ್ಕು. ಅದಕ್ಕೂ ಕಡಿಮೆಯಾದರೆ ಆ ಲಕೋಟೆ ಬಿಟ್ಟು ಹೊಸ ಬೀಜ ತನ್ನಿ.